ಸಿಂಗಲ್ ಫೇಸ್ ಮೋಟಾರ್: ಬ್ರೇಕ್ ಡ್ರಮ್ ರೀಡಿಂಗಿಗೂ ಸರ್ಕ್ಯೂಟ್ ಲೆಕ್ಕಕ್ಕೂ ತಾಳೆಯಾಗುತ್ತಿಲ್ಲ, ತಪ್ಪು ಎಲ್ಲಿ?

ರಾಜಾಜಿನಗರ_ಬೆಂಚ್

ದರ್ಶಿನಿಗಳಲ್ಲಿ ದೋಸೆ ಹಿಟ್ಟು ರುಬ್ಬುವ ಗ್ರೈಂಡರಿನ ಮೋಟಾರ್. ಅರ್ಧ ಎಚ್‌ಪಿ, 230 ವೋಲ್ಟ್, 50 ಹರ್ಟ್ಸ್, 4 ಪೋಲ್, ಕೆಪಾಸಿಟರ್ ಸ್ಟಾರ್ಟ್. ವೇಗ ಹಿಡಿದ ಮೇಲೆ ಸೆಂಟ್ರಿಫ್ಯೂಗಲ್ ಸ್ವಿಚ್ ಸ್ಟಾರ್ಟಿಂಗ್ ಕಾಯಿಲನ್ನು ಬಿಡಿಸುತ್ತದೆ. ರೀವೈಂಡಿಂಗ್ ಆದ ಮೇಲೆ ಬೆಂಚಿನ ಮೇಲೆ ತೆಗೆದ ರೀಡಿಂಗ್‌ಗಳು ಇವು:

ಡಿಸಿ ರೆಸಿಸ್ಟೆನ್ಸ್ (28 ಡಿಗ್ರಿಯಲ್ಲಿ): ರನ್ನಿಂಗ್ ಕಾಯಿಲ್ 4.2 ಓಮ್, ಸ್ಟಾರ್ಟಿಂಗ್ ಕಾಯಿಲ್ 10.7 ಓಮ್.
ನೋ-ಲೋಡ್, ಸ್ಟಾರ್ಟಿಂಗ್ ಕಾಯಿಲ್ ಬಿಟ್ಟ ಮೇಲೆ: 230 ವೋಲ್ಟ್, 2.6 ಆಂಪಿಯರ್, 92 ವ್ಯಾಟ್.
ಬ್ಲಾಕ್ಡ್ ರೋಟರ್ (ಶಾಫ್ಟ್ ತಿರುಗದಂತೆ ಹಿಡಿದು), ರನ್ನಿಂಗ್ ಕಾಯಿಲ್ ಮಾತ್ರ: 60 ವೋಲ್ಟ್, 3.6 ಆಂಪಿಯರ್, 156 ವ್ಯಾಟ್.
ಬ್ಲಾಕ್ಡ್ ರೋಟರ್, ಸ್ಟಾರ್ಟಿಂಗ್ ಕಾಯಿಲ್ ಮಾತ್ರ: 60 ವೋಲ್ಟ್, 2.2 ಆಂಪಿಯರ್, 107 ವ್ಯಾಟ್.

ಬ್ರೇಕ್ ಡ್ರಮ್ ಹಾಕಿ 1425 ಆರ್‌ಪಿಎಂಗೆ ನಿಲ್ಲಿಸಿದಾಗ 3.65 ಆಂಪಿಯರ್, ಇನ್‌ಪುಟ್ 580 ವ್ಯಾಟ್, ಔಟ್‌ಪುಟ್ 390 ವ್ಯಾಟ್ ಸಿಕ್ಕಿತು.

ಲೆಕ್ಕಕ್ಕೆ ಮೂರು ಫೇಸ್ ಮೋಟಾರಿನ ಈಕ್ವಿವಲೆಂಟ್ ಸರ್ಕ್ಯೂಟನ್ನೇ (ಮೋಟಾರಿನ ಬದಲಿಗೆ ಇಡುವ ರೆಸಿಸ್ಟೆನ್ಸ್, ರಿಯಾಕ್ಟೆನ್ಸ್‌ಗಳ ಜೋಡಣೆ) ಒಂದು ಫೇಸಿಗೆ ಇಟ್ಟುಕೊಂಡೆ. ಡಿಸಿ ರೆಸಿಸ್ಟೆನ್ಸನ್ನು 1.1ರಿಂದ ಗುಣಿಸಿ ಸ್ಟೇಟರ್ ರೆಸಿಸ್ಟೆನ್ಸ್ 4.6, ಬ್ಲಾಕ್ಡ್ ರೋಟರಿನಿಂದ ರೋಟರ್ ರೆಸಿಸ್ಟೆನ್ಸ್ 7.44, ನೋ-ಲೋಡಿನಿಂದ ಮ್ಯಾಗ್ನೆಟೈಸಿಂಗ್ ರಿಯಾಕ್ಟೆನ್ಸ್ ಸುಮಾರು 82 ಓಮ್. ಸ್ಲಿಪ್ (1500 ಆರ್‌ಪಿಎಂನ ಸಿಂಕ್ರೊನಸ್ ವೇಗಕ್ಕಿಂತ ರೋಟರ್ ಎಷ್ಟು ಪಾಲು ಹಿಂದಿದೆ ಅನ್ನುವುದು) 0.05 ಹಾಕಿದರೆ ಕರೆಂಟ್ 2.96 ಆಂಪಿಯರ್, ಔಟ್‌ಪುಟ್ 216 ವ್ಯಾಟ್ ಬರುತ್ತದೆ. ಡ್ರಮ್ ತೋರಿಸುವುದಕ್ಕೂ ಇದಕ್ಕೂ ಅಜಗಜಾಂತರ. ಸ್ಪ್ರಿಂಗ್ ಬ್ಯಾಲೆನ್ಸ್, ಟ್ಯಾಕೋಮೀಟರ್ ಎರಡನ್ನೂ ಬೇರೆ ಉಪಕರಣದ ಜೊತೆ ಹೋಲಿಸಿ ನೋಡಿದೆ, ಸರಿಯಾಗಿವೆ.

ಎರಡು ಪ್ರಶ್ನೆ. ಸಿಂಗಲ್ ಫೇಸಿಗೆ ಯಾವ ವಿಧಾನ ಹಿಡಿಯಬೇಕು? ಸ್ಟಾರ್ಟಿಂಗ್ ಕೆಪಾಸಿಟರ್ ಎಷ್ಟು ಮೈಕ್ರೋಫ್ಯಾರಡ್ ಬೇಕು ಅಂತ ಇದೇ ರೀಡಿಂಗ್‌ಗಳಿಂದ ಹೇಳಬಹುದಾ?


ಹಿಮ್ಮುಖ_ಕ್ಷೇತ್ರ

ನಿಮ್ಮ ಡ್ರಮ್ ಸರಿಯಾಗಿಯೇ ಹೇಳುತ್ತಿದೆ. ಸರ್ಕ್ಯೂಟ್ ಮಾತ್ರ ಬೇರೆ ಮೋಟಾರಿನದು.

ರನ್ನಿಂಗ್ ಕಾಯಿಲ್ ಒಂದೇ ಇದ್ದಾಗ ಕಾಂತಕ್ಷೇತ್ರ ತಿರುಗುವುದಿಲ್ಲ, ಒಂದೇ ಅಕ್ಷದ ಮೇಲೆ ಏರಿ ಇಳಿಯುತ್ತದೆ. ಅದನ್ನು ಅರ್ಧರ್ಧ ಬಲದ ಎರಡು ತಿರುಗುವ ಕ್ಷೇತ್ರಗಳಾಗಿ ಒಡೆಯಬೇಕು. ಒಂದು ರೋಟರಿನ ದಿಕ್ಕಿನಲ್ಲಿ, ಇನ್ನೊಂದು ಎದುರು ದಿಕ್ಕಿನಲ್ಲಿ. ಮುಮ್ಮುಖ ಕ್ಷೇತ್ರಕ್ಕೆ ಸ್ಲಿಪ್ ಎಸ್ ಆದರೆ ಹಿಮ್ಮುಖಕ್ಕೆ 2 − ಎಸ್. ನಿಮ್ಮ 1425 ಆರ್‌ಪಿಎಂನಲ್ಲಿ ಒಂದಕ್ಕೆ 0.05, ಇನ್ನೊಂದಕ್ಕೆ 1.95. ಸರ್ಕ್ಯೂಟಿನಲ್ಲಿ ಸ್ಟೇಟರ್ ರೆಸಿಸ್ಟೆನ್ಸ್, ಲೀಕೇಜ್ ರಿಯಾಕ್ಟೆನ್ಸ್ ಆದ ಮೇಲೆ ಎರಡು ಶಾಖೆಗಳು ಸರಣಿಯಲ್ಲಿ ಕೂರುತ್ತವೆ, ಪ್ರತಿಯೊಂದರಲ್ಲೂ ರೋಟರ್ ಮತ್ತು ಮ್ಯಾಗ್ನೆಟೈಸಿಂಗ್ ಬೆಲೆಗಳು ಅರ್ಧ. ನೀವು ಒಂದೇ ಶಾಖೆ ಇಟ್ಟು ಅದಕ್ಕೆ ಪೂರ್ತಿ ರೋಟರ್ ಬೆಲೆ ಕೊಟ್ಟಿದ್ದೀರಿ. ಕರೆಂಟ್ ಕಡಿಮೆ ಬಂದಿದ್ದು ಅದಕ್ಕೇ.

ನಿಮ್ಮ ರೀಡಿಂಗ್‌ಗಳಿಂದಲೇ ಮಾಡೋಣ. ಬ್ಲಾಕ್ಡ್ ರೋಟರ್:

ಇಂಪಿಡೆನ್ಸ್ = 60 / 3.6 = 16.67 ಓಮ್
ರೆಸಿಸ್ಟೆನ್ಸ್ = 156 / 3.6² = 12.04 ಓಮ್
ರಿಯಾಕ್ಟೆನ್ಸ್ = √(16.67² − 12.04²) = 11.53 ಓಮ್

ರಿಯಾಕ್ಟೆನ್ಸನ್ನು ಸಮವಾಗಿ ಹಂಚಿದರೆ ಸ್ಟೇಟರ್ ಎಕ್ಸ್1, ರೋಟರ್ ಎಕ್ಸ್2 ತಲಾ 5.76. ರೋಟರ್ ರೆಸಿಸ್ಟೆನ್ಸ್ ಆರ್2 = 12.04 − 4.6 = 7.44. ಇಲ್ಲಿಯವರೆಗೆ ನಿಮ್ಮದೂ ಇದೇ.

ದಾರಿ ತಪ್ಪುವುದು ನೋ-ಲೋಡಿನಲ್ಲಿ. ರೋಟರ್ ಹೆಚ್ಚುಕಡಿಮೆ ಸಿಂಕ್ರೊನಸ್ ವೇಗದಲ್ಲಿದ್ದಾಗ ಮುಮ್ಮುಖ ಶಾಖೆಯಲ್ಲಿ ರೋಟರ್ ದಾರಿ ತೆರೆದಂತೆ, ಮ್ಯಾಗ್ನೆಟೈಸಿಂಗ್ ರಿಯಾಕ್ಟೆನ್ಸ್ ಎಕ್ಸ್‌ಎಂನ ಅರ್ಧ ಮಾತ್ರ ಕಾಣುತ್ತದೆ. ಹಿಮ್ಮುಖ ಶಾಖೆ ಮಾತ್ರ ಶಾರ್ಟ್ ಆದಂತೆ, ಅಲ್ಲಿ ಆರ್2/4 ಮತ್ತು ಎಕ್ಸ್2/2 ಉಳಿಯುತ್ತವೆ.

ಒಟ್ಟು ಇಂಪಿಡೆನ್ಸ್ = 230 / 2.6 = 88.46
ರೆಸಿಸ್ಟೆನ್ಸ್ ಭಾಗ = 92 / 2.6² = 13.6, ರಿಯಾಕ್ಟೆನ್ಸ್ ಭಾಗ = 87.41
ಎಕ್ಸ್‌ಎಂ / 2 = 87.41 − 5.76 − 2.88 = 78.77, ಅಂದರೆ ಎಕ್ಸ್‌ಎಂ = 157.5 ಓಮ್
ತಿರುಗುವ ನಷ್ಟ = 92 − 2.6² × (4.6 + 1.86) = 48.3 ವ್ಯಾಟ್

ಈ 48.3ರಲ್ಲಿ ಬೇರಿಂಗ್, ಫ್ಯಾನ್, ಕೋರ್ ಲಾಸ್ ಎಲ್ಲ ಸೇರಿವೆ. ನೋ-ಲೋಡ್ ವ್ಯಾಟಿನಿಂದ ಆರ್2/4ರ ಪಾಲನ್ನು ಕಳೆಯಲು ಮರೆಯುವವರೇ ಜಾಸ್ತಿ. ಹಾಗೆ ಬಿಟ್ಟಿದ್ದಕ್ಕೇ ನಿಮ್ಮ ಲೆಕ್ಕದಲ್ಲಿ ಈ ನಷ್ಟ 61 ವ್ಯಾಟ್ ಆಗಿತ್ತು.

ಈಗ ಸ್ಲಿಪ್ 0.05. ಬರೆಯಲು ಸುಲಭವಾಗಲಿ ಅಂತ ಅರ್ಧ ಬೆಲೆಗಳಿಗೆ ಮ, ಕ, ರ ಎಂದು ಹೆಸರಿಡುತ್ತೇನೆ: ಮ = 78.77, ಕ = 2.88. ಮುಮ್ಮುಖ ಶಾಖೆಗೆ ರ = 7.44 / (2 × 0.05) = 74.4. ಹಿಮ್ಮುಖಕ್ಕೆ ರ = 7.44 / (2 × 1.95) = 1.908. ಎರಡಕ್ಕೂ ಸೂತ್ರ ಒಂದೇ:

ರೆಸಿಸ್ಟೆನ್ಸ್ = ಮ² × ರ / (ರ² + (ಮ + ಕ)²)
ರಿಯಾಕ್ಟೆನ್ಸ್ = ಮ × (ರ² + ಕ × (ಮ + ಕ)) / (ರ² + (ಮ + ಕ)²)

ಮುಮ್ಮುಖ 37.83 + ಜೆ 37.25 (ಜೆ ಜೊತೆಗಿರುವುದು ರಿಯಾಕ್ಟೆನ್ಸ್ ಭಾಗ), ಹಿಮ್ಮುಖ 1.775 + ಜೆ 2.82. ಸ್ಟೇಟರಿನದನ್ನು ಕೂಡಿದರೆ ಒಟ್ಟು 44.2 + ಜೆ 45.83, ಅಂದರೆ 63.67 ಓಮ್. ಕರೆಂಟ್ 3.61 ಆಂಪಿಯರ್, ಪವರ್ ಫ್ಯಾಕ್ಟರ್ 0.694, ಇನ್‌ಪುಟ್ 577 ವ್ಯಾಟ್.

ಏರ್‌ಗ್ಯಾಪ್ ದಾಟುವ ಪವರ್: ಮುಮ್ಮುಖ 493.7, ಹಿಮ್ಮುಖ 23.2, ನಿವ್ವಳ 470.5 ವ್ಯಾಟ್. ಇದನ್ನು 0.95ರಿಂದ (1 − ಸ್ಲಿಪ್) ಗುಣಿಸಿ 48.3 ಕಳೆದರೆ ಶಾಫ್ಟಿಗೆ 399 ವ್ಯಾಟ್, ಟಾರ್ಕ್ 2.67 ನ್ಯೂಟನ್ ಮೀಟರ್, ದಕ್ಷತೆ 69 ಶೇಕಡಾ. ನಿಮ್ಮ ಡ್ರಮ್ ಹೇಳಿದ್ದು 390 ವ್ಯಾಟ್, 67 ಶೇಕಡಾ. ಇದಕ್ಕಿಂತ ಹತ್ತಿರ ಬಂದರೆ ನನಗೇ ಅನುಮಾನ ಬರುತ್ತಿತ್ತು.

ನಷ್ಟದ ಪಟ್ಟಿಯನ್ನೂ ಒಮ್ಮೆ ನೋಡಿ. ಮುಮ್ಮುಖ ಕ್ಷೇತ್ರದಿಂದ ರೋಟರಿನಲ್ಲಿ ಬಿಸಿಯಾಗುವುದು 0.05 × 493.7 = 24.7 ವ್ಯಾಟ್. ಹಿಮ್ಮುಖದಿಂದ 1.95 × 23.2 = 45.2 ವ್ಯಾಟ್. ಹಿಮ್ಮುಖ ಕ್ಷೇತ್ರ ಲೈನಿನಿಂದ ತೆಗೆದುಕೊಳ್ಳುವುದು ಬರೀ 23 ವ್ಯಾಟ್, ಮಿಕ್ಕ 22 ವ್ಯಾಟನ್ನು ಶಾಫ್ಟಿನಿಂದಲೇ ಕಿತ್ತುಕೊಂಡು ರೋಟರ್ ಬಾರುಗಳಲ್ಲಿ ಸುಡುತ್ತದೆ. ಸಿಂಗಲ್ ಫೇಸ್ ಮೋಟಾರ್ ಇಷ್ಟು ಬಿಸಿಯಾಗುವುದೇಕೆ ಎಂಬುದಕ್ಕೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ.


ಮೆಗ್ಗರ್_ಮಲ್ಲೇಶ್ವರ

ಮೇಲಿನ ಲೆಕ್ಕಕ್ಕೆ ನನ್ನ ತಕರಾರಿಲ್ಲ. ಅಳತೆಗಳ ಬಗ್ಗೆ ಮಾತ್ರ ಕೆಲವು ಮಾತು.

ಡಿಸಿ ರೆಸಿಸ್ಟೆನ್ಸನ್ನು 1.1ರಿಂದ ಗುಣಿಸುವುದನ್ನು ಸ್ಕಿನ್ ಎಫೆಕ್ಟ್ (ಏಸಿ ಕರೆಂಟ್ ತಂತಿಯ ಹೊರಮೈಗೆ ಸರಿಯುವುದು) ಅಂತ ಎಲ್ಲರೂ ಬರೆಯುತ್ತಾರೆ. ಈ ಸೈಜಿನ ಮೋಟಾರಿನ ಸಣ್ಣ ಗೇಜಿನ ತಂತಿಯಲ್ಲಿ 50 ಹರ್ಟ್ಸಿಗೆ ಸ್ಕಿನ್ ಎಫೆಕ್ಟ್ ಲೆಕ್ಕಕ್ಕೇ ಬರುವುದಿಲ್ಲ. ತಾಮ್ರಕ್ಕೆ (234.5 + ಬಿಸಿ) / (234.5 + ತಣ್ಣನೆ) ಸೂತ್ರ ಹಾಕಿ ನೋಡಿದರೆ 28 ಡಿಗ್ರಿಯ 4.2 ಓಮ್, 54 ಡಿಗ್ರಿಯಲ್ಲಿ 4.6 ಆಗುತ್ತದೆ. ಆ 1.1 ನಿಮ್ಮ ಪಾಲಿಗೆ ಬಿಸಿಯ ತಿದ್ದುಪಡಿ ಅಷ್ಟೇ. ಫುಲ್ ಲೋಡಿನಲ್ಲಿ 75 ಡಿಗ್ರಿಗೆ ಏರಿದರೆ 4.95 ಹಾಕಬೇಕು. ಬ್ಲಾಕ್ಡ್ ರೋಟರ್ ಟೆಸ್ಟನ್ನು ತಣ್ಣನೆ ಮೋಟಾರಿನಲ್ಲಿ ಮಾಡಿದ್ದರೆ ಅಲ್ಲಿ ಕಳೆಯಬೇಕಾದದ್ದು 4.2, ಆಗ ಆರ್2 7.84 ಆಗುತ್ತದೆ. ಯಾವ ಬೆಲೆ ಯಾವ ತಾಪಮಾನದ್ದು ಎಂದು ಪಕ್ಕದಲ್ಲೇ ಗುರುತು ಹಾಕಿಡಿ. ತಣ್ಣನೆಯದನ್ನೂ ಬಿಸಿಯದನ್ನೂ ಬೆರೆಸಿದರೆ ರೋಟರ್ ರೆಸಿಸ್ಟೆನ್ಸ್ ಮೇಲೆ ಸುಮ್ಮನೆ ಅಪವಾದ ಬರುತ್ತದೆ.

ನೋ-ಲೋಡ್ ಪವರ್ ಫ್ಯಾಕ್ಟರ್ 92 / (230 × 2.6) = 0.15. ಇಷ್ಟು ಕೆಳಗೆ ಮಾಮೂಲಿ ವ್ಯಾಟ್‌ಮೀಟರಿನ ಸಣ್ಣ ಫೇಸ್ ದೋಷವೂ ಹತ್ತಾರು ವ್ಯಾಟಿನ ವ್ಯತ್ಯಾಸ ತರಬಹುದು. ಲೋ ಪವರ್ ಫ್ಯಾಕ್ಟರ್ ವ್ಯಾಟ್‌ಮೀಟರ್ ಬಳಸಿ. ತಂತಿಯ ಸುತ್ತ ಸಿಕ್ಕಿಸುವ ಟಾಂಗ್ ಟೆಸ್ಟರಿನಿಂದ ಆಂಪಿಯರ್ ನೋಡಿ ವೋಲ್ಟಿನಿಂದ ಗುಣಿಸಿದರೆ ಅದು ವ್ಯಾಟ್ ಅಲ್ಲ.

ಬ್ಲಾಕ್ಡ್ ರೋಟರ್ ಟೆಸ್ಟಿನಲ್ಲಿ ಡಿಮ್ಮರ್‌ಸ್ಟಾಟನ್ನು (ವೋಲ್ಟೇಜನ್ನು ಬೇಕಾದಷ್ಟಕ್ಕೆ ಹೊಂದಿಸುವ ಉಪಕರಣ) ಸೊನ್ನೆಯಿಂದ ಏರಿಸಿ, ಹತ್ತು ಸೆಕೆಂಡಿನೊಳಗೆ ಮುಗಿಸಿ. ಶಾಫ್ಟನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ನಾಲ್ಕೈದು ಕಡೆ ಹಿಡಿದು ಸರಾಸರಿ ತೆಗೆಯಿರಿ, ಸ್ಲಾಟ್‌ಗಳ ಎದುರುಬದುರಿನಿಂದ ರೀಡಿಂಗ್ ಬದಲಾಗುತ್ತದೆ. ಸ್ಟಾರ್ಟಿಂಗ್ ಕಾಯಿಲ್ ತುದಿ ನಿಜವಾಗಿ ಬಿಚ್ಚಿದೆಯಾ ನೋಡಿ. ಮೋಟಾರ್ ನಿಂತಾಗ ಸೆಂಟ್ರಿಫ್ಯೂಗಲ್ ಸ್ವಿಚ್ ಕೂಡಿಕೊಂಡೇ ಇರುತ್ತದೆ ಅನ್ನುವುದು ಮರೆತರೆ ಎರಡು ಕಾಯಿಲಿನದೂ ಸೇರಿ ರೀಡಿಂಗ್ ಬರುತ್ತದೆ.

ಇನ್ನೊಂದು ಸೂಕ್ಷ್ಮ. ಹಿಮ್ಮುಖ ಕ್ಷೇತ್ರ ರೋಟರಿನಲ್ಲಿ ಹುಟ್ಟಿಸುವ ಕರೆಂಟಿನ ಫ್ರೀಕ್ವೆನ್ಸಿ 1.95 × 50 = 97.5 ಹರ್ಟ್ಸ್. ಬಾರುಗಳು ಆಳವಾಗಿದ್ದರೆ ಅಲ್ಲಿ ಸ್ಕಿನ್ ಎಫೆಕ್ಟ್ ನಿಜವಾಗಿಯೂ ಕೆಲಸ ಮಾಡುತ್ತದೆ. 50 ಹರ್ಟ್ಸಿನ ಟೆಸ್ಟಿನಿಂದ ಬಂದ 7.44 ಹಿಮ್ಮುಖ ಶಾಖೆಗೆ ಕಡಿಮೆಯೇ. ನಿಮ್ಮ ಡ್ರಮ್ 399 ಬದಲು 390 ತೋರಿಸಿದ್ದಕ್ಕೆ ಇದೂ ಒಂದು ಕಾರಣ ಇರಬಹುದು.


ರಾಜಾಜಿನಗರ_ಬೆಂಚ್

ತುಂಬಾ ಉಪಕಾರವಾಯಿತು. ಎರಡು ಶಾಖೆ ಹಾಕಿದ ಮೇಲೆ ಬೇರೆ ಸ್ಲಿಪ್‌ಗಳಲ್ಲೂ ತಾಳೆಯಾಗುತ್ತಿದೆ. ಸ್ಲಿಪ್ 1 ಹಾಕಿದರೆ ಎರಡೂ ಶಾಖೆ ಸಮವಾಗಿ ಟಾರ್ಕ್ ಸೊನ್ನೆ, ಅದೂ ಸರಿ. ಕೆಪಾಸಿಟರ್ ಹೇಗೆ ಲೆಕ್ಕ ಹಾಕುವುದು? ಮೋಟಾರಿನಲ್ಲಿ ಹಳೆಯದಿತ್ತು, ಮೇಲಿನ ಅಚ್ಚು ಅಳಿಸಿಹೋಗಿದೆ. ಗ್ರೈಂಡರ್ ಖಾಲಿ ಇದ್ದರೆ ಎತ್ತುತ್ತೆ, ಹಿಟ್ಟು ತುಂಬಿದ್ದರೆ ಗುಂಯ್ ಅಂತ ನಿಂತುಬಿಡುತ್ತೆ.


ಪೀಣ್ಯ_ಕಾಯಿಲ್

ಸರ್, ಸ್ಟಾರ್ಟಿಂಗ್ ಕಾಯಿಲಿನ ರೀಡಿಂಗ್ ಕೊಟ್ಟಿದ್ದೀರಲ್ಲ, ಅದು ಸಾಕು. 60 ವೋಲ್ಟ್, 2.2 ಆಂಪಿಯರ್, 107 ವ್ಯಾಟ್ ಅಂದರೆ 22 + ಜೆ 16 ಓಮ್. ರನ್ನಿಂಗ್ ಕಾಯಿಲ್ 12.04 + ಜೆ 11.53.

ಪೂರ್ತಿ 230 ವೋಲ್ಟ್ ಕೊಟ್ಟರೆ ನಿಂತ ಮೋಟಾರಿನ ರನ್ನಿಂಗ್ ಕಾಯಿಲಿನಲ್ಲಿ 13.8 ಆಂಪಿಯರ್, ವೋಲ್ಟೇಜಿಗಿಂತ 43.8 ಡಿಗ್ರಿ ಹಿಂದೆ. ಸ್ಟಾರ್ಟಿಂಗ್ ಕಾಯಿಲಿನ ಕರೆಂಟ್ ಇದಕ್ಕೆ ಸರಿಯಾಗಿ 90 ಡಿಗ್ರಿ ಮುಂದಿರಬೇಕು ಅಂದರೆ ವೋಲ್ಟೇಜಿಗಿಂತ 46.2 ಡಿಗ್ರಿ ಮುಂದೆ ಬರಬೇಕು.

ಬೇಕಾದ ನಿವ್ವಳ ರಿಯಾಕ್ಟೆನ್ಸ್ = 22 × (12.04 / 11.53) = 22.97, ಕೆಪಾಸಿಟರ್ ಕಡೆಗೆ
ಕೆಪಾಸಿಟರ್ ರಿಯಾಕ್ಟೆನ್ಸ್ = 16 + 22.97 = 38.97 ಓಮ್
ಸಿ = 1 / (314.16 × 38.97) = 82 ಮೈಕ್ರೋಫ್ಯಾರಡ್ (314.16 ಅಂದರೆ 2π × 50)

ಅಂಗಡಿಯಲ್ಲಿ 80-100 ಅಂತ ಬರೆದ ಎಲೆಕ್ಟ್ರೋಲಿಟಿಕ್ ಕೇಳಿ. ಎಸ್.ಪಿ. ರೋಡಿನಲ್ಲಿ ಸಿಗುತ್ತೆ. ಮನೆಗೆ ತಂದು ಮೀಟರಿನಲ್ಲಿ ಅಳೆದೇ ಹಾಕಿ, ಮೇಲಿನ ಅಚ್ಚು ನಂಬಬೇಡಿ.

90 ಡಿಗ್ರಿ ಇದ್ದರೇ ಅತಿ ಹೆಚ್ಚು ಟಾರ್ಕ್ ಅಂತ ತಿಳಿಯಬೇಡಿ. ರನ್ನಿಂಗ್ ಕಾಯಿಲಿನ ಕರೆಂಟ್ ಕೆಪಾಸಿಟರಿನಿಂದ ಬದಲಾಗಲ್ಲ. ಬದಲಾಗುವುದು ಸ್ಟಾರ್ಟಿಂಗ್ ಕರೆಂಟ್, ಅದರ ಕೋನ. ಕೆಪಾಸಿಟರ್ ಬದಲಿಸುತ್ತಾ ಹೋದರೆ ಆ ಕರೆಂಟಿನ ತುದಿ ಒಂದು ವೃತ್ತದ ಮೇಲೆ ಓಡುತ್ತೆ. ಟಾರ್ಕ್ ಅತಿ ಹೆಚ್ಚಾಗುವುದು 46.2ರ ಅರ್ಧ, 23.1 ಡಿಗ್ರಿ ಮುಂದಿದ್ದಾಗ. ಆಗ ಬೇಕಾಗುವುದು 125 ಮೈಕ್ರೋಫ್ಯಾರಡ್.

ಹಾಗಾದರೆ 125 ಹಾಕೋಣ ಅನ್ನಿಸುತ್ತೆ. ಬೇಡ, ಲೆಕ್ಕ ನೋಡಿ. 82ರಲ್ಲಿ ಸ್ಟಾರ್ಟಿಂಗ್ ಕಾಯಿಲ್ ಕರೆಂಟ್ 7.2 ಆಂಪಿಯರ್, ಲೈನಿನಿಂದ ಒಟ್ಟು 15.6. 125ರಲ್ಲಿ ಸ್ಟಾರ್ಟಿಂಗ್ ಕಾಯಿಲಿಗೆ 9.6, ಲೈನಿಗೆ 19.7. ಟಾರ್ಕ್ ಹೆಚ್ಚಾಗುವುದು 22 ಶೇಕಡಾ, ಲೈನ್ ಕರೆಂಟ್ 26 ಶೇಕಡಾ, ಸ್ಟಾರ್ಟಿಂಗ್ ಕಾಯಿಲಿನ ಬಿಸಿ 77 ಶೇಕಡಾ. ಹೋಟೆಲಿನ ವೈರಿಂಗ್ ತೆಳ್ಳಗಿದ್ದರೆ ಆ 22 ಶೇಕಡಾ ವೋಲ್ಟೇಜ್ ಡ್ರಾಪಿನಲ್ಲೇ ಹೋಗುತ್ತೆ.

ಟಾರ್ಕ್ ಎಷ್ಟು ಅಂತಲೂ ನೋಡಬೇಕಾದರೆ ಎರಡು ಕಾಯಿಲಿನ ಟರ್ನ್ಸ್ ರೇಶಿಯೋ ಎ ಬೇಕು. ಮೋಟಾರನ್ನು ನೋ-ಲೋಡಿನಲ್ಲಿ ಓಡಿಸಿ, ರನ್ನಿಂಗ್ ಕಾಯಿಲಿಗೆ 230 ಕೊಟ್ಟು, ಬಿಚ್ಚಿದ ಸ್ಟಾರ್ಟಿಂಗ್ ಕಾಯಿಲ್ ತುದಿಯಲ್ಲಿ ವೋಲ್ಟ್ ನೋಡಿ. ಆಮೇಲೆ ಉಲ್ಟಾ ಮಾಡಿ, ಡಿಮ್ಮರ್‌ಸ್ಟಾಟಿನಿಂದ ಸ್ಟಾರ್ಟಿಂಗ್ ಕಾಯಿಲಿಗೆ 270 ಕೊಟ್ಟು ರನ್ನಿಂಗ್ ಕಾಯಿಲಿನಲ್ಲಿ ನೋಡಿ. ಬೇಗ ಮುಗಿಸಿ, ಆ ಕಾಯಿಲ್ ಓಡುತ್ತಾ ಇರುವುದಕ್ಕೆ ಸುತ್ತಿದ್ದಲ್ಲ. ನಿಮ್ಮ ಮೋಟಾರಿಗೆ ಮೊದಲನೆಯದು 233, ಎರಡನೆಯದು 197ರ ಆಸುಪಾಸು ಬರಬೇಕು. ಎ = √((233/230) × (270/197)) = 1.18. ಎರಡು ಸಲ ಅಳೆಯುವುದು ಯಾಕೆಂದರೆ ಲೀಕೇಜ್ ಡ್ರಾಪ್ ಭಾಗಾಕಾರದಲ್ಲಿ ಹೊಡೆದುಹೋಗುತ್ತೆ.

ಸ್ಟಾರ್ಟಿಂಗ್ ಟಾರ್ಕ್ = 2 × ಎ × 13.8 × ಸ್ಟಾರ್ಟಿಂಗ್ ಕರೆಂಟ್ × ಆರ್2 × ಸೈನ್(ನಡುವಿನ ಕೋನ) / 157.08. ಈ 157.08 ಅಂದರೆ ಸಿಂಕ್ರೊನಸ್ ವೇಗ, ಸೆಕೆಂಡಿಗೆ ಇಷ್ಟು ರೇಡಿಯನ್. 82 ಮೈಕ್ರೋಫ್ಯಾರಡಿಗೆ 11 ನ್ಯೂಟನ್ ಮೀಟರ್, ಲೋಡ್ ಟಾರ್ಕಿನ ನಾಲ್ಕರಷ್ಟು. ಇದು ಕಾಗದದ ಲೆಕ್ಕ. ಸ್ಟಾರ್ಟಿಂಗ್ ಕರೆಂಟಿನಲ್ಲಿ ಕೋರಿನ ಹಲ್ಲುಗಳು ಸ್ಯಾಚುರೇಟ್ ಆಗ್ತವೆ, ಹಾರ್ಮೋನಿಕ್ ಟಾರ್ಕ್ ಎಳೆಯುತ್ತೆ, ಕೈಗೆ ಸಿಗುವುದು ಬೇರೆ.

ನಿಮ್ಮ ಗುಂಯ್ ಅನ್ನುವ ಕಥೆಗೆ ಬರೋಣ. ಹಳೇ ಎಲೆಕ್ಟ್ರೋಲಿಟಿಕ್ ಒಣಗುತ್ತಾ 40ಕ್ಕೆ ಇಳಿದಿದೆ ಅಂತಿಟ್ಟುಕೊಳ್ಳಿ. ಸ್ಟಾರ್ಟಿಂಗ್ ಕರೆಂಟ್ 3.4ಕ್ಕೆ ಬೀಳುತ್ತೆ, ಕೋನ 115 ಡಿಗ್ರಿ ಆಗುತ್ತೆ, ಟಾರ್ಕ್ 4.8. ಇನ್ನೂ ಪರವಾಗಿಲ್ಲ. ಏಪ್ರಿಲ್ ಸಂಜೆ ಮೋಟಾರ್ ತುದಿಯಲ್ಲಿ 180 ವೋಲ್ಟ್ ಬಂದರೆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ 2.9 ಆಗುತ್ತೆ. ಹಿಟ್ಟು ತುಂಬಿದ ಕಲ್ಲು ಓಡುವಾಗಲೇ 2.67 ಕೇಳುತ್ತೆ, ನಿಂತಿದ್ದನ್ನು ಕದಲಿಸಲು ಅದಕ್ಕಿಂತ ಜಾಸ್ತಿ ಬೇಕು. ನಿಂತುಬಿಡುತ್ತೆ. ಸ್ವಿಚ್ ಕೂಡಿಕೊಂಡೇ ಇರುವುದರಿಂದ ಸ್ಟಾರ್ಟಿಂಗ್ ಕಾಯಿಲ್ ಸುಡುವುದು ಆವಾಗಲೇ. ರೀವೈಂಡಿಂಗಿಗೆ ಬಂದ ಮೋಟಾರಿಗೆ ಹೊಸ ಕಾಯಿಲ್ ಹಾಕಿ ಹಳೇ ಕೆಪಾಸಿಟರನ್ನೇ ಕೂರಿಸಿ ಕಳಿಸಿದರೆ ಅದು ಮತ್ತೆ ವಾಪಸ್ ಬರುತ್ತೆ.

ಕಡಿಮೆ ವೋಲ್ಟೇಜಿನಲ್ಲಿ ಓಡುವ ಮೋಟಾರ್ ಏನಾಗುತ್ತೆ ಅಂತಲೂ ಮೇಲಿನ ಸರ್ಕ್ಯೂಟಿನಲ್ಲೇ ನೋಡಿ. 180 ವೋಲ್ಟಿಗೆ ಅದೇ ಟಾರ್ಕ್ ಕೊಡಬೇಕಾದರೆ ಸ್ಲಿಪ್ 0.1, ಅಂದರೆ 1350 ಆರ್‌ಪಿಎಂ. ಕರೆಂಟ್ 4.2. ಸ್ಟೇಟರ್ ತಾಮ್ರದ ನಷ್ಟ 60ರಿಂದ 82 ವ್ಯಾಟ್, ರೋಟರಿನದು 70ರಿಂದ 112. ಬಿಸಿ ಒಂದೂವರೆ ಪಟ್ಟು, ಫ್ಯಾನ್ ಮಾತ್ರ ನಿಧಾನ.


ಹಿಮ್ಮುಖ_ಕ್ಷೇತ್ರ

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಇದೇ ಸರ್ಕ್ಯೂಟಿನಲ್ಲಿ ಗರಿಷ್ಠ ಟಾರ್ಕ್ ಸುಮಾರು 6.5 ನ್ಯೂಟನ್ ಮೀಟರ್, ಸ್ಲಿಪ್ 0.23ರ ಹತ್ತಿರ. ರೋಟರ್ ರೆಸಿಸ್ಟೆನ್ಸ್ ಹೆಚ್ಚಿದರೆ ಮೂರು ಫೇಸ್ ಮೋಟಾರಿನಲ್ಲಿ ಈ ಶಿಖರ ಪಕ್ಕಕ್ಕೆ ಸರಿಯುತ್ತದೆ, ಎತ್ತರ ಹಾಗೇ ಇರುತ್ತದೆ. ಸಿಂಗಲ್ ಫೇಸಿನಲ್ಲಿ ಎತ್ತರವೇ ಇಳಿಯುತ್ತದೆ, ಏಕೆಂದರೆ ಹಿಮ್ಮುಖ ಶಾಖೆಯ ಪಾಲೂ ಜೊತೆಗೇ ಬೆಳೆಯುತ್ತದೆ. ಬಿರುಕು ಬಿಟ್ಟ ರೋಟರ್ ಬಾರ್ ಇರುವ ಮೋಟಾರ್ ಲೋಡಿನಲ್ಲಿ ಏದುಸಿರು ಬಿಡುವುದಕ್ಕೆ ಇದು ಕಾರಣ.


ಜಯನಗರ_ಜೆ

ಯಾರೋ ಕೇಳಿಯೇ ಕೇಳುತ್ತಾರೆ, ಅದಕ್ಕೆ ಮೊದಲೇ ಬರೆಯುತ್ತೇನೆ: ಸ್ವಿಚ್ ತೆಗೆದುಹಾಕಿ ಸಣ್ಣ ರನ್ನಿಂಗ್ ಕೆಪಾಸಿಟರ್ ಖಾಯಂ ಆಗಿ ಇಟ್ಟರೆ ಆಗಲ್ವಾ?

ಆಗ ಎರಡು ಕಾಯಿಲಿನಲ್ಲೂ ಕರೆಂಟ್ ಇರುತ್ತದೆ, ಎರಡು ಸಮವಾಗಿರುವುದಿಲ್ಲ. ಇದಕ್ಕೆ ಚಾರ್ಲ್ಸ್ ಫೋರ್ಟೆಸ್ಕ್ಯೂ 1918ರಲ್ಲಿ ಮಂಡಿಸಿದ ಸಿಮೆಟ್ರಿಕಲ್ ಕಾಂಪೊನೆಂಟ್ಸ್ ವಿಧಾನವನ್ನು ಎರಡು ಫೇಸಿಗೆ ಇಳಿಸಿಕೊಳ್ಳಬೇಕು. ರನ್ನಿಂಗ್ ಕಾಯಿಲಿನ ಕರೆಂಟ್ = ಐ1 + ಐ2. ಸ್ಟಾರ್ಟಿಂಗ್ ಕಾಯಿಲಿನ ಕರೆಂಟ್ = ಜೆ (ಐ1 − ಐ2) / ಎ. ಇಲ್ಲಿ ಐ1 ಮುಮ್ಮುಖ, ಐ2 ಹಿಮ್ಮುಖ. ಝಡ್1 ಅಂದರೆ ಸ್ಟೇಟರಿನದು ಮತ್ತು ಮುಮ್ಮುಖ ಶಾಖೆಯ ಎರಡರಷ್ಟು, ಝಡ್2 ಅಂದರೆ ಸ್ಟೇಟರಿನದು ಮತ್ತು ಹಿಮ್ಮುಖದ ಎರಡರಷ್ಟು. ಸಮೀಕರಣಗಳು ಎರಡೇ:

ವಿ = ಐ1 ಝಡ್1 + ಐ2 ಝಡ್2
ವಿ = ಜೆ ಎ (ಐ1 ಝಡ್1 − ಐ2 ಝಡ್2) + (ಹೆಚ್ಚುವರಿ ರೆಸಿಸ್ಟೆನ್ಸ್ − ಜೆ ಎಕ್ಸ್‌ಸಿ) × ಸ್ಟಾರ್ಟಿಂಗ್ ಕಾಯಿಲಿನ ಕರೆಂಟ್

ವಿ ಅಂದರೆ ಲೈನ್ ವೋಲ್ಟೇಜ್, ಎಕ್ಸ್‌ಸಿ ಅಂದರೆ ಕೆಪಾಸಿಟರ್ ರಿಯಾಕ್ಟೆನ್ಸ್. ಹೆಚ್ಚುವರಿ ರೆಸಿಸ್ಟೆನ್ಸ್ ಅಂದರೆ ಸ್ಟಾರ್ಟಿಂಗ್ ಕಾಯಿಲಿನ 11.8ರಿಂದ (10.7 × 1.1) ಎ² × 4.6 = 6.4 ಕಳೆದು ಉಳಿದ 5.4 ಓಮ್. ಸೂತ್ರ ಸರಿಯಾಗಿ ಬರೆದುಕೊಂಡಿದ್ದೀರಾ ಅಂತ ಪರೀಕ್ಷಿಸಲು ಸ್ಟಾರ್ಟಿಂಗ್ ಕಾಯಿಲಿನ ಕರೆಂಟ್ ಸೊನ್ನೆ ಮಾಡಿ. ಐ1, ಐ2 ಸಮವಾಗಿ ಮೊದಲ ಉತ್ತರದ ಎರಡು ಶಾಖೆಯ ಸರ್ಕ್ಯೂಟೇ ವಾಪಸ್ ಬರಬೇಕು.

ಐ2 ಸೊನ್ನೆಯಾಗುವ ಬಿಂದು ಒಂದಿದೆ. ಸಣ್ಣ ಹೆಚ್ಚುವರಿ ರೆಸಿಸ್ಟೆನ್ಸನ್ನು ಬಿಟ್ಟರೆ ಷರತ್ತು ಇಷ್ಟೇ: ಎ ಅಂದರೆ ಝಡ್1ರ ರಿಯಾಕ್ಟೆನ್ಸ್ ಭಾಗಿಸು ರೆಸಿಸ್ಟೆನ್ಸ್, ಮತ್ತು ಎಕ್ಸ್‌ಸಿ = ಎ × ಝಡ್1 / ಪವರ್ ಫ್ಯಾಕ್ಟರ್. ನಿಮ್ಮ ಮೋಟಾರಿನಲ್ಲಿ ಎ 1.18 ಇರುವುದರಿಂದ ಇದು ಸ್ಲಿಪ್ 0.041ರಲ್ಲಿ ಕೂರುತ್ತದೆ. ಅಲ್ಲಿ ಝಡ್1 = 80.2 + ಜೆ 94.7, ಎಕ್ಸ್‌ಸಿ = 227 ಓಮ್, ಕೆಪಾಸಿಟರ್ 14 ಮೈಕ್ರೋಫ್ಯಾರಡ್. ರನ್ನಿಂಗ್ ಕಾಯಿಲಿನಲ್ಲಿ 1.85 ಆಂಪಿಯರ್, ಸ್ಟಾರ್ಟಿಂಗ್ ಕಾಯಿಲಿನಲ್ಲಿ 1.57. ಶಾಫ್ಟಿಗೆ 450 ವ್ಯಾಟ್, ರೋಟರ್ ನಷ್ಟ ಬರೀ 21. ಮೊದಲು 70 ಇತ್ತು.

ಕೇಳಲು ಚೆನ್ನಾಗಿದೆ, ಆದರೆ ಮೂರು ತೊಡಕಿವೆ. ಕೆಪಾಸಿಟರ್ ಮೇಲೆ ಬೀಳುವುದು 1.57 × 227 = 356 ವೋಲ್ಟ್. 250 ವೋಲ್ಟಿನ ಸ್ಟಾರ್ಟಿಂಗ್ ಎಲೆಕ್ಟ್ರೋಲಿಟಿಕ್ ಇಲ್ಲಿ ಸಿಡಿಯುತ್ತದೆ. 440 ವೋಲ್ಟಿನ ಪಾಲಿಪ್ರೊಪಿಲೀನ್ ಫಿಲ್ಮಿನದೇ ಬೇಕು. ಎರಡನೆಯದು, 14 ಮೈಕ್ರೋಫ್ಯಾರಡಿಗೆ ಸ್ಟಾರ್ಟಿಂಗ್ ಟಾರ್ಕ್ 1.3 ನ್ಯೂಟನ್ ಮೀಟರ್, ಲೋಡಿನ ಅರ್ಧ. ಗ್ರೈಂಡರ್ ಕದಲುವುದಿಲ್ಲ. ಹಾಗಾಗಿ 82ರದ್ದನ್ನು ಸ್ವಿಚ್ ಮೂಲಕ ಸಮಾನಾಂತರವಾಗಿ ಉಳಿಸಿಕೊಳ್ಳಲೇಬೇಕು, ಎರಡು ಕೆಪಾಸಿಟರ್ ಮೋಟಾರ್ ಆಗುತ್ತದೆ. ಮೂರನೆಯದೇ ಮುಖ್ಯ: ಸ್ಟಾರ್ಟಿಂಗ್ ಕಾಯಿಲಿನಲ್ಲಿ ನಿರಂತರವಾಗಿ 1.57² × 11.8 = 29 ವ್ಯಾಟ್ ಉರಿಯುತ್ತದೆ. ಕೆಲವೇ ಸೆಕೆಂಡಿಗೆ ಅಂತ ಸುತ್ತಿದ ತೆಳ್ಳನೆ ತಂತಿ ಇದನ್ನು ತಡೆಯುತ್ತದೆಯೇ ಅನ್ನುವುದನ್ನು ಗೇಜ್ ನೋಡದೆ ಹೇಳಬಾರದು. ರೀವೈಂಡಿಂಗ್ ಹೇಗೂ ಮಾಡುತ್ತಿದ್ದರೆ ಆಗಲೇ ದಪ್ಪ ತಂತಿಗೆ ಸ್ಲಾಟಿನಲ್ಲಿ ಜಾಗ ಹುಡುಕಿ.

ಲೋಡ್ ಇಳಿದಾಗ ಐ2 ಮತ್ತೆ ತಲೆಯೆತ್ತುತ್ತದೆ. ರನ್ನಿಂಗ್ ಕೆಪಾಸಿಟರ್ ಮೋಟಾರ್ ಖಾಲಿ ಓಡುವಾಗ ಹೆಚ್ಚು ಗುಂಯ್‌ಗುಟ್ಟುವುದು, ಬಿಸಿಯಾಗುವುದು ಅದಕ್ಕೇ. ಕೆಟ್ಟಿದೆ ಅಂತ ಕೆಪಾಸಿಟರ್ ಬದಲಿಸುವ ಮುಂಚೆ ಲೋಡ್ ಹಾಕಿ ನೋಡಿ.


ರಾಜಾಜಿನಗರ_ಬೆಂಚ್

ಮಾಮೂಲಿ ಕೆಪಾಸಿಟರ್ ಸ್ಟಾರ್ಟ್ ಆಗಿಯೇ ಇಟ್ಟುಕೊಳ್ಳುತ್ತೇನೆ. ಕೊನೆಯ ಪ್ರಶ್ನೆ. ಮೋಟಾರಿನ ಕಾಲಿಗೆ ರಬ್ಬರ್ ಹಾಕದೆ ನೇರವಾಗಿ ಫ್ರೇಮಿಗೆ ಬಿಗಿದರೆ ಇಡೀ ಗ್ರೈಂಡರ್ ಅದುರುತ್ತದೆ. ಬ್ಯಾಲೆನ್ಸಿಂಗ್ ಸರಿಯಿದೆ. ಇದನ್ನೂ ಲೆಕ್ಕದಿಂದ ಹಿಡಿಯಬಹುದಾ? ಸ್ವಿಚ್ ಬಿಡುವ ಕ್ಷಣ ಏನಾಗುತ್ತದೆ ಅಂತಲೂ ಸಿಮ್ಯುಲೇಶನ್ ಮಾಡಿ ನೋಡುವ ಆಸೆ ಇದೆ.


ಜಯನಗರ_ಜೆ

ಅದುರಾಟಕ್ಕೆ ಕ್ರಾಸ್ ಫೀಲ್ಡ್ ದೃಷ್ಟಿಯೇ ಸಲೀಸು. ರನ್ನಿಂಗ್ ಕಾಯಿಲಿನ ಅಕ್ಷಕ್ಕೆ ಅಡ್ಡಲಾಗಿ ರೋಟರ್ ತಾನೇ ಒಂದು ಫ್ಲಕ್ಸ್ ಹುಟ್ಟಿಸುತ್ತದೆ, ಟಾರ್ಕ್ ಅಂದರೆ ಆ ಅಡ್ಡ ಫ್ಲಕ್ಸ್ ಗುಣಿಸು ಸ್ಟೇಟರ್ ಕರೆಂಟ್. ಎರಡೂ 50 ಹರ್ಟ್ಸಿನ ಸೈನ್ ಅಲೆಗಳು. ಗುಣಿಸಿದರೆ ಒಂದು ಸ್ಥಿರ ಭಾಗ, ಒಂದು 100 ಹರ್ಟ್ಸ್ ಭಾಗ. ಸ್ಥಿರ ಭಾಗ ಐ² × (ಮುಮ್ಮುಖ ರೆಸಿಸ್ಟೆನ್ಸ್ − ಹಿಮ್ಮುಖ ರೆಸಿಸ್ಟೆನ್ಸ್) / 157.08 = 3.0 ನ್ಯೂಟನ್ ಮೀಟರ್ (ತಿರುಗುವ ನಷ್ಟ ಕಳೆಯುವ ಮುಂಚಿನದು). 100 ಹರ್ಟ್ಸಿನ ಎತ್ತರಕ್ಕೆ ರೆಸಿಸ್ಟೆನ್ಸ್ ಬದಲು ಎರಡು ಶಾಖೆಗಳ ಇಂಪಿಡೆನ್ಸ್ ವ್ಯತ್ಯಾಸದ ಪ್ರಮಾಣ ಹಾಕಿ: 36.06 + ಜೆ 34.43, ಅಂದರೆ 49.85 ಓಮ್. ಉತ್ತರ 4.1 ನ್ಯೂಟನ್ ಮೀಟರ್.

ಸರಾಸರಿ 3.0, ಓಲಾಟ 4.1. ಟಾರ್ಕ್ ಸೆಕೆಂಡಿಗೆ ನೂರು ಸಲ 7.1ಕ್ಕೆ ಏರಿ −1.1ಕ್ಕೆ ಇಳಿಯುತ್ತದೆ, ಅಂದರೆ ಅಷ್ಟೂ ಸಲ ಕ್ಷಣಕಾಲ ಹಿಂದಕ್ಕೆ ಎಳೆಯುತ್ತದೆ. ರೋಟರಿನ ಜಡತ್ವ ಇದನ್ನು ವೇಗದಲ್ಲಿ ಕಾಣಿಸದಂತೆ ನುಂಗುತ್ತದೆ, ಸ್ಟೇಟರ್ ಮಾತ್ರ ಅಷ್ಟನ್ನೂ ಫ್ರೇಮಿಗೆ ದಾಟಿಸುತ್ತದೆ. ಬ್ಯಾಲೆನ್ಸಿಂಗಿನಿಂದ ಇದು ಹೋಗುವುದಿಲ್ಲ. ತಿರುಚುವ ದಿಕ್ಕಿನಲ್ಲಿ ಮೆತ್ತಗಿರುವ ರಬ್ಬರ್ ಮೌಂಟ್ ಬೇಕು, ಅದರ ಸ್ವಂತ ಫ್ರೀಕ್ವೆನ್ಸಿ 100 ಹರ್ಟ್ಸಿಗಿಂತ ಸಾಕಷ್ಟು ಕೆಳಗಿರಬೇಕು. ಗಟ್ಟಿ ರಬ್ಬರ್ ತುಂಡು ಸಿಕ್ಕಿಸಿದರೆ ಕೆಲವೊಮ್ಮೆ ಅದುರಾಟ ಹೆಚ್ಚುತ್ತದೆ.

ಸಿಮ್ಯುಲೇಶನ್ನಿಗೆ ಆಕ್ಟೇವ್ ಅಥವಾ ಪೈಥಾನ್ ಸಾಕು. ರೆಫರೆನ್ಸ್ ಫ್ರೇಮ್ ಸ್ಟೇಟರಿಗೇ ಕಟ್ಟಿ, ಎರಡು ಕಾಯಿಲ್ ಅಸಮವಾಗಿರುವಾಗ ತಿರುಗುವ ಫ್ರೇಮಿಗೆ ಹೋದರೆ ಸ್ಟೇಟರ್ ಬೆಲೆಗಳೇ ಕೋನದ ಜೊತೆ ಬದಲಾಗುತ್ತವೆ. ಸ್ಥಿತಿಗಳು ಆರು: ಎರಡು ಸ್ಟೇಟರ್ ಕರೆಂಟ್, ಎರಡು ರೋಟರ್ ಕರೆಂಟ್, ಕೆಪಾಸಿಟರ್ ವೋಲ್ಟೇಜ್, ವೇಗ. ಮ್ಯಾಗ್ನೆಟೈಸಿಂಗ್ ಇಂಡಕ್ಟೆನ್ಸ್ 157.5 / 314.16 = 0.5 ಹೆನ್ರಿ, ಲೀಕೇಜ್ ತಲಾ 18.3 ಮಿಲಿಹೆನ್ರಿ, ಸ್ಟಾರ್ಟಿಂಗ್ ಕಾಯಿಲಿನವು ಎ² ಪಟ್ಟು. ನಾಲ್ಕನೇ ಕ್ರಮಾಂಕದ ರುಂಗೆ-ಕುಟ್ಟಾ, 50 ಮೈಕ್ರೋಸೆಕೆಂಡ್ ಹೆಜ್ಜೆ.

ಎಲ್ಲರೂ ಎಡವುವುದು ಸ್ವಿಚ್ಚಿನಲ್ಲಿ. 75 ಶೇಕಡಾ ವೇಗ, ಅಂದರೆ 1125 ಆರ್‌ಪಿಎಂ ಬಂದಾಗ ಸ್ಟಾರ್ಟಿಂಗ್ ಕಾಯಿಲಿಗೆ ಸರಣಿಯಲ್ಲಿ ಒಂದು ಲಕ್ಷ ಓಮ್ ಸೇರಿಸಿ ಸ್ವಿಚ್ ತೆರೆಯಿತು ಅಂತ ಬರೆಯುತ್ತಾರೆ. ಆ ಸರ್ಕ್ಯೂಟಿನ ಟೈಮ್ ಕಾನ್ಸ್ಟಂಟ್ ಮೈಕ್ರೋಸೆಕೆಂಡಿಗಿಂತ ಕೆಳಗೆ ಹೋಗುತ್ತದೆ, 50 ಮೈಕ್ರೋಸೆಕೆಂಡ್ ಹೆಜ್ಜೆಗೆ ಉತ್ತರ ಅನಂತಕ್ಕೆ ಹಾರುತ್ತದೆ. ಬದಲಿಗೆ 1125 ದಾಟಿದ ಮೇಲೆ ಸ್ಟಾರ್ಟಿಂಗ್ ಕರೆಂಟ್ ಸೊನ್ನೆ ದಾಟುವವರೆಗೆ ಕಾಯಿರಿ, ಆ ಹೆಜ್ಜೆಯಲ್ಲಿ ಆ ಸಮೀಕರಣವನ್ನೇ ತೆಗೆದು ಉಳಿದವುಗಳಿಂದ ಮುಂದುವರಿಸಿ. ಕೆಪಾಸಿಟರ್ ವೋಲ್ಟೇಜನ್ನು ಸೊನ್ನೆ ಮಾಡಬೇಡಿ. ಕರೆಂಟ್ ಸೊನ್ನೆಯಾಗುವ ಹೊತ್ತಿಗೆ ಅದು ತನ್ನ ಶಿಖರದಲ್ಲಿರುತ್ತದೆ, ಅಲ್ಲೇ ಉಳಿಯುತ್ತದೆ. ಬೆಂಚಿನ ಮೇಲೂ ಅಷ್ಟೇ: ಸಮಾನಾಂತರವಾಗಿ 15 ಕಿಲೋ ಓಮ್, 2 ವ್ಯಾಟಿನ ಬ್ಲೀಡರ್ ರೆಸಿಸ್ಟರ್ ಇಲ್ಲದಿದ್ದರೆ, ಬಿಚ್ಚುವ ಮುಂಚೆ ರೆಸಿಸ್ಟರ್ ಇಟ್ಟು ಡಿಸ್ಚಾರ್ಜ್ ಮಾಡಿ. ಸ್ಕ್ರೂಡ್ರೈವರ್ ತಾಗಿಸಿದರೆ ಒಳಗಿನ ಫಾಯಿಲ್ ಜೋಡಣೆ ಹಾಳಾಗುತ್ತದೆ.

ಕೋಡ್ ಸರಿಯಿದೆಯೇ ಅಂತ ನೋಡಲು ವೇಗವನ್ನು 1425ಕ್ಕೆ ಕಟ್ಟಿಹಾಕಿ ಓಡಿಸಿ. 3.61 ಆಂಪಿಯರ್, 3.0 ಸರಾಸರಿ, 4.1 ಓಲಾಟ ಬರಲಿಲ್ಲ ಅಂದರೆ ಸ್ಟಾರ್ಟಿಂಗ್ ನೋಡಲು ಹೋಗಬೇಡಿ, ಮೊದಲು ಪ್ಲಸ್ ಮೈನಸ್ ಚಿಹ್ನೆಗಳನ್ನು ತಿದ್ದಿ. ಹೆಚ್ಚಿನ ಸಲ ತಪ್ಪಿರುವುದು ರೋಟರಿನ ಸ್ಪೀಡ್ ವೋಲ್ಟೇಜಿನ ಪ್ಲಸ್ ಮೈನಸ್.